ಒಳಗಿನ ಒಕ್ಕಲು: ವಲಸೆ ಬಂದ ಕೀಟಗಳೂ ಅವುಗಳ ಸಹಜೀವಿ ಬ್ಯಾಕ್ಟೀರಿಯಾಗಳೂ

ದಿಂಡಿಗಲ್ಲಿನಿಂದ ಕರೂರಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ವೇದಸಂದೂರು ಎಂಬ ಪಟ್ಟಣವಿದೆ. ಕೊಡಗನಾರು ಹೊಳೆಯ ಆಸುಪಾಸಿನ ಒಣಭೂಮಿ, ನೂಲಿನ ಗಿರಣಿಗಳು, ಬಾವಿ ನೀರನ್ನು ನಂಬಿದ ಹೊಲಗಳು ಈ ಸೀಮೆಯ ಸಾಮಾನ್ಯ ನೋಟ. ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ಪ್ರದೇಶವು ತೀರ ಪರಕೀಯವೇನಲ್ಲ. ದಿಂಡಿಗಲ್, ಥೇಣಿ ಮತ್ತು ಕಂಬಂ ಕಣಿವೆಯ ಭಾಗಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುವ ಒಕ್ಕಲು ಕುಟುಂಬಗಳೂ ದೇವಾಂಗ ನೇಕಾರರೂ ತಲೆಮಾರುಗಳಿಂದ ನೆಲೆಸಿದ್ದಾರೆ. ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಮಧುರೆ ಮತ್ತು ತಿರುನೆಲ್ವೇಲಿ ಸೀಮೆಯ ಕಾಪ್ಪಿಲಿಯರನ್ನು ಕನ್ನಡ ಮಾತನಾಡುವ ಬೇಸಾಯಗಾರರೆಂದು ಗುರುತಿಸಲಾಗಿದೆ.

ಈ ಊರಿನಲ್ಲಿ 1948ರಲ್ಲಿ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ ಆರಂಭವಾಯಿತು. ಇಲ್ಲಿಯದು ಜಗಿಯುವ ತಂಬಾಕು ಮತ್ತು ಚುಟ್ಟಾದ ತಂಬಾಕಿನ ಸೀಮೆ. ನಿಪ್ಪಾಣಿಯ ಬೀಡಿ ತಂಬಾಕು, ಹುಣಸೂರಿನ ಸಿಗರೇಟು ತಂಬಾಕು, ವೇದಸಂದೂರಿನ ಜಗಿಯುವ ತಂಬಾಕು ಇವು ಮೂರರ ಮಣ್ಣು ಬೇರೆ, ಹದ ಬೇರೆ, ವ್ಯಾಪಾರ ಬೇರೆ. ಆದರೆ ಮೂರಕ್ಕೂ ತಗಲಬಲ್ಲ ರೋಗವೊಂದುಂಟು. ಎಲೆ ಮುದುಡಿ, ನರಗಳು ದಪ್ಪವಾಗಿ, ಗಿಡ ಗಿಡ್ಡಾಗಿ ನಿಲ್ಲುವ ಎಲೆಸುರುಳಿ ರೋಗವದು. ಅದನ್ನು ಉಂಟುಮಾಡುವುದು ನಂಜಾಣು, ಅಂದರೆ ವೈರಸ್ಸು. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಎಲೆಯ ಅಡಿಯಲ್ಲಿ ಕೂರುವ, ಮುಟ್ಟಿದರೆ ಬೂದಿ ಹಾರಿದಂತೆ ಏಳುವ ಬಿಳಿ ನೊಣ. ಭಾರತದಲ್ಲಿ ಹೇಮ್ ಸಿಂಗ್ ಪೃಥಿ ಮತ್ತು ಸಿ. ಕೆ. ಸ್ಯಾಮುಯೆಲ್ ಎಂಬ ಕೀಟಶಾಸ್ತ್ರಜ್ಞರು ತಂಬಾಕಿನ ಈ ರೋಗಕ್ಕೂ ಬಿಳಿ ನೊಣಕ್ಕೂ ಇರುವ ಸಂಬಂಧವನ್ನು 1930ರ ದಶಕದ ಕೊನೆಯ ಭಾಗದಿಂದಲೇ ಅಭ್ಯಸಿಸತೊಡಗಿದ್ದರು.

ಕೀಟದ ಶಾಸ್ತ್ರೀಯ ನಾಮದಲ್ಲಿಯೇ ತಂಬಾಕು ಅಡಗಿದೆ. 1889ರಲ್ಲಿ ಗ್ರೀಸ್ ದೇಶದ ತಂಬಾಕಿನ ಗಿಡಗಳ ಮೇಲೆ ಇದನ್ನು ಕಂಡ ಗೆನ್ನಾಡಿಯಸ್ ಎಂಬ ವಿದ್ವಾಂಸನು ಇದನ್ನು ವರ್ಣಿಸಿದನು. ಇಂದು ಇದರ ಹೆಸರು ಬೆಮಿಸಿಯಾ ಟಬಾಸಿ. ಜನಭಾಷೆಗಳ ಹೆಸರುಗಳನ್ನು ನೋಡಿದರೆ ಮತ್ತೊಂದು ಸಂಗತಿ ಹೊಳೆಯುತ್ತದೆ. ಕನ್ನಡದಲ್ಲಿ ಬಿಳಿ ನೊಣ, ಮರಾಠಿಯಲ್ಲಿ ಪಾಂಢರಿ ಮಾಶಿ, ತಮಿಳಿನಲ್ಲಿ ವೆಳ್ಳೈ ಈ. ಮೂರೂ ಭಾಷೆಗಳು ಒಂದೇ ಅರ್ಥವನ್ನು ತಮ್ಮ ತಮ್ಮ ಪದಗಳಲ್ಲಿ ಹೇಳುತ್ತವೆ, ಮೂರೂ ತಪ್ಪುತ್ತವೆ. ಈ ಜೀವಿ ನೊಣದ ಕುಲಕ್ಕೆ ಸೇರಿದ್ದಲ್ಲ. ನೊಣಕ್ಕೆ ಎರಡು ರೆಕ್ಕೆ, ಇದಕ್ಕೆ ನಾಲ್ಕು. ಸೂಜಿಯಂತಹ ಬಾಯಿಯನ್ನು ಚುಚ್ಚಿ ರಸ ಹೀರುವ ತಿಗಣೆ, ಜಿಗಿಹುಳು, ಸಸ್ಯಹೇನುಗಳ ಬಳಗಕ್ಕೆ ಇದು ಸೇರಿದೆ. ಇದರ ಬಂಧುವೇ ಆದ ಇನ್ನೊಂದು ಪೀಡೆಗೆ ಕನ್ನಡದಲ್ಲಿ ಹಿಟ್ಟು ತಿಗಣೆಯೆಂದೂ ಮರಾಠಿಯಲ್ಲಿ ಪಿಠ್ಯಾ ಢೇಕೂಣವೆಂದೂ ಹೆಸರು. ಅಲ್ಲಿ ಮಾತ್ರ ಹೆಸರು ಗುರಿ ಮುಟ್ಟಿದೆ: ತಿಗಣೆಯೂ ಹಿಟ್ಟು ತಿಗಣೆಯೂ ಹೀರುಬಾಯಿಯ ಒಂದೇ ಗಣದವು.

ಬಿಳಿ ನೊಣವನ್ನು ಬಹುಕಾಲ ಒಂದೇ ಜಾತಿಯೆಂದು ಭಾವಿಸಲಾಗಿತ್ತು. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಇದರಲ್ಲಿ ಪರಸ್ಪರ ಸಂತಾನ ಪಡೆಯದ ಮೂವತ್ತಕ್ಕಿಂತ ಹೆಚ್ಚು ಪ್ರತ್ಯೇಕ ಕವಲುಗಳಿವೆ ಎಂಬುದು ವಂಶವಾಹಿಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಅವುಗಳಲ್ಲಿ ಏಷ್ಯಾದವು ಎಂದು ಹೆಸರಾದ ಕೆಲವು ಕವಲುಗಳು ನಮ್ಮಲ್ಲಿ ಮೊದಲಿನಿಂದಲೂ ಇದ್ದವು. ಪಶ್ಚಿಮ ಏಷ್ಯಾ ಮತ್ತು ಏಷ್ಯಾಮೈನರಿನ ಸೀಮೆಯಲ್ಲಿ ಹುಟ್ಟಿದ ‘ಬಿ’ ಮಾದರಿಯ ಕವಲು 1980ರ ದಶಕದ ಉತ್ತರಾರ್ಧದಿಂದ ಅಲಂಕಾರ ಗಿಡಗಳ ವ್ಯಾಪಾರದ ಬೆನ್ನೇರಿ ಖಂಡದಿಂದ ಖಂಡಕ್ಕೆ ಹರಡಿತು. ಭಾರತದಲ್ಲಿ ಅದು ಮೊದಲು ಗುರುತಿಗೆ ಬಂದದ್ದು ಕರ್ನಾಟಕದಲ್ಲಿ, 1999ರಲ್ಲಿ, ಕೋಲಾರದ ಟೊಮ್ಯಾಟೊ ಹೊಲಗಳಲ್ಲಿ. ಆಗ ಅಲ್ಲಿ ಎಲೆಸುರುಳಿ ರೋಗವು ಸಾಂಕ್ರಾಮಿಕದಂತೆ ಹಬ್ಬಿತ್ತು. ಎಳೆಯ ಸಸಿಗೆ ರೋಗ ತಗಲಿದರೆ ಹೂವು ಉದುರಿ ಕಾಯಿ ಕಚ್ಚುವುದೇ ಇಲ್ಲ. ಬೀಜ, ಗೊಬ್ಬರ, ಕೋಲು, ಕೂಲಿ ಎಲ್ಲಕ್ಕೂ ಸಾಲ ಮಾಡಿ ಹಣ ಸುರಿದ ರೈತನಿಗೆ ಆ ವರ್ಷದ ಹೊಲ ಬರಿ ಹಸಿರಿನ ಮುದ್ದೆಯಾಗಿ ಉಳಿಯುತ್ತದೆ. ಕೋಲಾರದಂತೆ ದಿಂಡಿಗಲ್ ಜಿಲ್ಲೆಯೂ ಟೊಮ್ಯಾಟೊ ಸೀಮೆ. ವೇದಸಂದೂರಿನ ಪಶ್ಚಿಮಕ್ಕಿರುವ ಒಟ್ಟನ್‌ಛತ್ರದ ತರಕಾರಿ ಮಾರುಕಟ್ಟೆ ತಮಿಳುನಾಡಿನ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು.

ಹೊರಗಿನಿಂದ ಬಂದ ಕೀಟವು ಹೊಸ ನೆಲದಲ್ಲಿ ಏಕೆ ಇಷ್ಟು ಬೇಗ ಏಳಿಗೆ ಹೊಂದುತ್ತದೆ? ಇದಕ್ಕೆ ರೂಢಿಯ ಉತ್ತರಗಳಿವೆ. ತವರಿನಲ್ಲಿ ಅದನ್ನು ತಿನ್ನುತ್ತಿದ್ದ ಶತ್ರುಗಳು ಜೊತೆಗೆ ಬಂದಿರುವುದಿಲ್ಲ. ಒಂದೇ ಬೆಳೆಯನ್ನು ಊರಗಲ ಬೆಳೆಯುವುದರಿಂದ ಅನ್ನಕ್ಕೆ ಕೊರತೆಯಿರುವುದಿಲ್ಲ. ಹಲವು ದೇಶಗಳ ಕೀಟನಾಶಕಗಳನ್ನು ಕುಡಿದು ಜೀರ್ಣಿಸಿಕೊಂಡು ಬಂದ ತಳಿಯೇ ಹಡಗು, ವಿಮಾನ ಏರಿರುತ್ತದೆ. ಇವೆಲ್ಲ ನಿಜ. ಇವುಗಳ ಜೊತೆಗೆ ಕಳೆದ ಮೂರು ದಶಕಗಳಿಂದ ವಿಜ್ಞಾನಿಗಳು ಮತ್ತೊಂದು ಉತ್ತರವನ್ನು ಪರಿಶೀಲಿಸುತ್ತಿದ್ದಾರೆ. ವಲಸೆ ಬಂದ ಕೀಟ ಒಂಟಿಯಾಗಿ ಬಂದಿರುವುದಿಲ್ಲ. ಅದರ ಒಡಲಿನೊಳಗೆ ಬ್ಯಾಕ್ಟೀರಿಯಾಗಳ ಒಂದು ಒಕ್ಕಲೇ ಇರುತ್ತದೆ. ಹೊಸ ಊರಿನಲ್ಲಿ ಉಣ್ಣುವ, ಬಿಸಿಲು ತಾಳುವ, ಮರಿ ಮಾಡುವ ಬಲದ ಒಂದು ಪಾಲು ಆ ಒಕ್ಕಲಿನದಾಗಿರಬಹುದು.

ಇದನ್ನು ತಿಳಿಯಲು ಗಿಡದ ರಸದಿಂದ ಹೊರಡಬೇಕು. ಎಲೆಯಲ್ಲಿ ತಯಾರಾದ ಆಹಾರವನ್ನು ಗಿಡದ ಇತರ ಭಾಗಗಳಿಗೆ ಒಯ್ಯುವ ನಾಳಗಳ ರಸವೇ ಬಿಳಿ ನೊಣದ ಊಟ. ಆ ರಸದಲ್ಲಿ ಸಕ್ಕರೆ ಧಾರಾಳ; ದೇಹ ಕಟ್ಟಲು ಬೇಕಾದ ಸಾರಜನಕದ ಅಂಶ ಅತ್ಯಲ್ಪ. ಪ್ರಾಣಿಗಳು ತಾವಾಗಿಯೇ ತಯಾರಿಸಿಕೊಳ್ಳಲಾರದ ಸುಮಾರು ಹತ್ತು ಅಮೈನೋ ಆಮ್ಲಗಳು ಆಹಾರದಿಂದಲೇ ಬರಬೇಕು. ನಾಳದ ರಸದಲ್ಲಿ ಅವು ಸಾಲುವಷ್ಟಿರುವುದಿಲ್ಲ. ಬರಿ ಬೆಲ್ಲದ ನೀರು ಕುಡಿದು ಮಗು ಬೆಳೆಯಲಾರದು. ಬಿಳಿ ನೊಣ ಮಾತ್ರ ಅಂಥದೇ ಊಟದ ಮೇಲೆ ಬೆಳೆದು, ಮಿಕ್ಕ ಸಕ್ಕರೆಯನ್ನು ಅಂಟಾಗಿ ಎಲೆಯ ಮೇಲೆ ಸುರಿಸಿ, ಆ ಅಂಟಿನ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಬೆಳೆಯುವಂತೆ ಮಾಡುತ್ತದೆ. ಕೊರತೆಯನ್ನು ತುಂಬುವವರು ಒಳಗಿದ್ದಾರೆ. ಬಿಳಿ ನೊಣದ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳಿಗಾಗಿಯೇ ಮೀಸಲಾದ ಜೀವಕೋಶಗಳಿವೆ. ಅವುಗಳಲ್ಲಿ ಪೋರ್ಟಿಯೆರಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತ, ಇಲ್ಲದ ಅಮೈನೋ ಆಮ್ಲಗಳನ್ನು ತಯಾರಿಸಿ ಒಡೆಯನಿಗೆ ಒದಗಿಸುತ್ತದೆ. ಪೋರ್ಟಿಯೆರಾ ಇಲ್ಲದೆ ಬಿಳಿ ನೊಣವಿಲ್ಲ. ಬಿಳಿ ನೊಣದ ಹೊರಗೆ ಪೋರ್ಟಿಯೆರಾಗೂ ಬದುಕಿಲ್ಲ.

ಭಿನ್ನ ಜಾತಿಯ ಜೀವಿಗಳು ಹೀಗೆ ಕೂಡಿ ಬಾಳುವುದಕ್ಕೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಆಂಟನ್ ಡಿ ಬಾರಿ ಸಿಂಬಯಾಸಿಸ್ ಎಂಬ ಪದವನ್ನು ಬಳಕೆಗೆ ತಂದನು. ಕನ್ನಡದಲ್ಲಿ ಅದು ಸಹಜೀವನವಾಗಿದೆ. ಪದ ಸೊಗಸಾಗಿದೆ, ಆದರೆ ನಾವು ಅದರೊಳಗೆ ಸೌಹಾರ್ದವನ್ನು ಸೇರಿಸಿ ಓದುತ್ತೇವೆ. ಡಿ ಬಾರಿಯ ಅರ್ಥದಲ್ಲಿ ಸೌಹಾರ್ದ ಕಡ್ಡಾಯವಲ್ಲ. ಕೂಡಿ ಬಾಳುವವರಲ್ಲಿ ಲಾಭ, ನಷ್ಟ, ಉದಾಸೀನ ಯಾವುದೂ ಇರಬಹುದು. ಕೀಟಗಳ ಒಳಗಿನ ಈ ಲೋಕವನ್ನು ಜೀವಮಾನವಿಡೀ ಅಭ್ಯಸಿಸಿದ ಪಾಲ್ ಬುಕ್ನರ್ (1886–1978) ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞನು ತಾಯಿಯಿಂದ ಮೊಟ್ಟೆಗೆ ಬ್ಯಾಕ್ಟೀರಿಯಾಗಳು ದಾಟುವ ಬಗೆಬಗೆಯ ದಾರಿಗಳನ್ನು ಚಿತ್ರಗಳೊಡನೆ ವಿವರಿಸಿದ್ದಾನೆ. ಬಿಳಿ ನೊಣದಲ್ಲಿ ಬ್ಯಾಕ್ಟೀರಿಯಾ ತುಂಬಿದ ಒಂದು ಇಡೀ ಜೀವಕೋಶವೇ ತಾಯಿಯ ಒಡಲಿನಿಂದ ಮೊಟ್ಟೆಯೊಳಗೆ ಹೋಗಿ ಕೂರುತ್ತದೆ. ಮನೆಯಿಂದ ಹೊರಡುವ ಮಗಳ ಬುತ್ತಿಯಲ್ಲಿ ಹೆಪ್ಪಿಗೆ ಮೊಸರನ್ನೂ ಇಟ್ಟು ಕಳಿಸಿದಂತೆ.

ಹಿಟ್ಟು ತಿಗಣೆಯಲ್ಲಿ ಈ ಏರ್ಪಾಡು ಇನ್ನೂ ವಿಚಿತ್ರವಾಗಿದೆ. 2008ರಲ್ಲಿ ಕೊಯಮತ್ತೂರಿನ ಪಪ್ಪಾಯಿ ತೋಟಗಳಲ್ಲಿ ಮೊದಲಿಗೆ ಕಂಡ ಪಪ್ಪಾಯಿ ಹಿಟ್ಟು ತಿಗಣೆಯು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ ಮೂಲದ್ದು. ಕೆಲವೇ ವರ್ಷಗಳಲ್ಲಿ ಅದು ತಮಿಳುನಾಡು, ಕರ್ನಾಟಕ, ಕೇರಳ, ಮಹಾರಾಷ್ಟ್ರಗಳಲ್ಲಿ ಪಪ್ಪಾಯಿಯನ್ನಷ್ಟೇ ಅಲ್ಲದೆ ಹಿಪ್ಪುನೇರಳೆ, ಮರಗೆಣಸು, ಹತ್ತಿಯನ್ನೂ ಹಿಡಿಯಿತು. ಹಳೆಯ ಮೈಸೂರಿನವರು ಪಪ್ಪಾಯಿಯನ್ನು ಪರಂಗಿ ಹಣ್ಣು ಎನ್ನುತ್ತಾರೆ. ಪರಂಗಿಯವರು ತಂದದ್ದು ಎಂಬ ನೆನಪು ಆ ಪದದಲ್ಲಿದೆ. ಪಪ್ಪಾಯಿ, ಮರಗೆಣಸು, ಟೊಮ್ಯಾಟೊ, ತಂಬಾಕು ಎಲ್ಲವೂ ಅಮೆರಿಕ ಖಂಡಗಳಿಂದ ಬಂದ ಗಿಡಗಳು. ಮೆಕ್ಸಿಕೋದ ಕೀಟಕ್ಕೆ ಕೊಯಮತ್ತೂರಿನಲ್ಲಿ ಸಿಕ್ಕಿದ್ದು ತನ್ನದೇ ಹಳೆಯ ಅಡಿಗೆಮನೆ.

ಹಿಟ್ಟು ತಿಗಣೆಯ ಒಳಗೆ ಟ್ರೆಂಬ್ಲಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅನೇಕ ಜಾತಿಗಳಲ್ಲಿ ಆ ಟ್ರೆಂಬ್ಲಯಾದ ಒಳಗೆ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಇರುತ್ತದೆ. ಬ್ಯಾಕ್ಟೀರಿಯಾದೊಳಗೆ ಬ್ಯಾಕ್ಟೀರಿಯಾ ವಾಸಿಸುವ ಈ ಸಂಗತಿ 2001ರಲ್ಲಿ ಬೆಳಕಿಗೆ ಬಂದಾಗ ವಿಜ್ಞಾನಲೋಕಕ್ಕೆ ಅಚ್ಚರಿಯಾಯಿತು. ನಿಂಬೆ ಜಾತಿಯ ಗಿಡಗಳ ಹಿಟ್ಟು ತಿಗಣೆಯಲ್ಲಿ ಹತ್ತು ವರ್ಷಗಳ ಬಳಿಕ ನಡೆದ ವಂಶವಾಹಿ ಅಧ್ಯಯನವು ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಟ್ರೆಂಬ್ಲಯಾ ಬದುಕಿಗೆ ಅತ್ಯಗತ್ಯವಾದ ವಂಶವಾಹಿಗಳನ್ನೇ ಬಹುಮಟ್ಟಿಗೆ ಕಳೆದುಕೊಂಡಿದೆ. ಪ್ರೋಟೀನಿನ ಸೂತ್ರ ಹೊತ್ತ ವಂಶವಾಹಿಗಳು ಅದರಲ್ಲಿ ಉಳಿದಿರುವುದು ಸುಮಾರು 120. ಒಂದು ಅಮೈನೋ ಆಮ್ಲ ತಯಾರಾಗಬೇಕಾದರೆ ಕೆಲವು ಹಂತಗಳನ್ನು ಒಳಗಿನ ಬ್ಯಾಕ್ಟೀರಿಯಾ, ಕೆಲವನ್ನು ಟ್ರೆಂಬ್ಲಯಾ, ಉಳಿದುದನ್ನು ಕೀಟವೇ ಪೂರೈಸಬೇಕು. ಮೂರು ಮನೆಯವರು ಸೇರಿ ಒಂದು ಹೋಳಿಗೆ ಬೇಯಿಸಿದ ಹಾಗೆ: ಒಬ್ಬರ ಹೂರಣ, ಒಬ್ಬರ ಕಣಕ, ಒಬ್ಬರ ಒಲೆ. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಪಪ್ಪಾಯಿ ಹಿಟ್ಟು ತಿಗಣೆಯ ಬ್ಯಾಕ್ಟೀರಿಯಾಗಳ ವಂಶವಾಹಿಗಳನ್ನೂ ಓದಲಾಗಿದೆ.

ಇಷ್ಟರಿಂದಲೇ ವಲಸೆಯ ಯಶಸ್ಸು ವಿವರಿಸಲ್ಪಡುವುದಿಲ್ಲ. ಪೋರ್ಟಿಯೆರಾ ಬಿಳಿ ನೊಣದ ಎಲ್ಲ ಕವಲುಗಳಲ್ಲಿಯೂ ಇದೆ, ನಮ್ಮ ನೆಲದವುಗಳಲ್ಲಿಯೂ ಇದೆ. ಆದಕಾರಣ ಹೊಸದಾಗಿ ಬಂದ ಕವಲಿಗೆ ವಿಶೇಷ ಬಲ ಕೊಟ್ಟಿರಬಹುದಾದವರನ್ನು ಬೇರೆಡೆ ಹುಡುಕಬೇಕು. ಪೋರ್ಟಿಯೆರಾದಂತಹ ಅನಿವಾರ್ಯ ಸಂಗಾತಿಯ ಜೊತೆಗೆ ಬಿಳಿ ನೊಣದಲ್ಲಿ ಬಂದರೂ ಬರಬಹುದಾದ, ಬಾರದೆಯೂ ಇರಬಹುದಾದ ಇನ್ನೂ ಹಲವು ಬ್ಯಾಕ್ಟೀರಿಯಾಗಳಿವೆ: ಹ್ಯಾಮಿಲ್ಟೊನೆಲ್ಲಾ, ರಿಕೆಟ್ಸಿಯಾ, ವೊಲ್ಬಾಕಿಯಾ, ಕಾರ್ಡಿನಿಯಂ, ಆರ್ಸೆನೋಫೋನಸ್. ಮೊದಲನೆಯದು ಮನೆಯೊಡತಿಯಾದರೆ ಇವು ಬಾಡಿಗೆದಾರರು. ಯಾವ ಕವಲಿನಲ್ಲಿ ಯಾವ ಬಾಡಿಗೆದಾರರಿದ್ದಾರೆ ಎಂಬುದರಲ್ಲಿ ವ್ಯತ್ಯಾಸವಿದೆ. ‘ಬಿ’ ಮಾದರಿಯಲ್ಲಿ ಹ್ಯಾಮಿಲ್ಟೊನೆಲ್ಲಾ ಮತ್ತು ರಿಕೆಟ್ಸಿಯಾ ಸಾಮಾನ್ಯ. ಏಷ್ಯಾದ ಕವಲುಗಳಲ್ಲಿ ಆರ್ಸೆನೋಫೋನಸ್ ಹೆಚ್ಚಾಗಿ ಕಾಣುತ್ತದೆ.

ಹ್ಯಾಮಿಲ್ಟೊನೆಲ್ಲಾ ಕೀಟಕ್ಕೆ ‘ಬಿ’ ಗುಂಪಿನ ಕೆಲವು ಜೀವಸತ್ವಗಳನ್ನು ಒದಗಿಸುತ್ತದೆ. ಅದಕ್ಕಿಂತ ರೈತನಿಗೆ ನೇರವಾಗಿ ಸಂಬಂಧಿಸಿದ ಮತ್ತೊಂದು ಕೆಲಸವನ್ನೂ ಅದು ಮಾಡುತ್ತದೆ. ಟೊಮ್ಯಾಟೊದ ಎಲೆಸುರುಳಿ ನಂಜಾಣು ಬಿಳಿ ನೊಣದ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಜೊಲ್ಲಿನ ಗ್ರಂಥಿಗೆ ಸಾಗಬೇಕು. ದಾರಿಯಲ್ಲಿ ಕೀಟದ ದೇಹವೇ ಅದನ್ನು ನಾಶಮಾಡಬಹುದು. ಇಸ್ರೇಲಿನಲ್ಲಿ ನಡೆದ ಪ್ರಯೋಗಗಳ ಪ್ರಕಾರ, ಹ್ಯಾಮಿಲ್ಟೊನೆಲ್ಲಾ ತಯಾರಿಸುವ ಒಂದು ಪ್ರೋಟೀನು ನಂಜಾಣುವಿಗೆ ಅಂಟಿಕೊಂಡು ಅದನ್ನು ಕಾಯುತ್ತದೆ. ಈ ಬ್ಯಾಕ್ಟೀರಿಯಾ ಇರುವ ಬಿಳಿ ನೊಣಗಳು ರೋಗವನ್ನು ಹೆಚ್ಚು ಸಮರ್ಥವಾಗಿ ಹರಡುತ್ತವೆ. ಗಿಡ, ನಂಜಾಣು, ಕೀಟ ಎಂದು ಮೂವರನ್ನು ಎಣಿಸುತ್ತಿದ್ದ ರೋಗಶಾಸ್ತ್ರವು ಈಗ ನಾಲ್ಕನೆಯವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ. 1999ರ ಕೋಲಾರದಲ್ಲಿ ಈ ನಾಲ್ಕನೆಯವನ ಪಾಲು ಎಷ್ಟಿತ್ತೆಂದು ಅಳೆದವರಿಲ್ಲ.

ರಿಕೆಟ್ಸಿಯಾದ ಕಥೆ ಇನ್ನೂ ನಾಟಕೀಯವಾದುದು. ಅಮೆರಿಕದ ಅರಿಜೋನಾದಲ್ಲಿ ‘ಬಿ’ ಮಾದರಿಯ ಬಿಳಿ ನೊಣ ಆಗಲೇ ಬೇರೂರಿತ್ತು. 2000ದಲ್ಲಿ ಪರೀಕ್ಷಿಸಿದಾಗ ನೂರಕ್ಕೆ ಒಂದರಷ್ಟು ಕೀಟಗಳಲ್ಲಿ ಮಾತ್ರ ರಿಕೆಟ್ಸಿಯಾ ಇತ್ತು. 2006ರ ವೇಳೆಗೆ ಅದು ನೂರಕ್ಕೆ 97ಕ್ಕೆ ಏರಿತ್ತು. ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ ರಿಕೆಟ್ಸಿಯಾ ಹೊತ್ತ ಕೀಟಗಳು ಬೇಗ ಬೆಳೆದವು, ಹೆಚ್ಚು ಬದುಕುಳಿದವು, ಹೆಚ್ಚು ಮರಿಗಳನ್ನು ಪಡೆದವು. ಆ ಮರಿಗಳಲ್ಲಿ ಹೆಣ್ಣುಗಳ ಪಾಲು ದೊಡ್ಡದಾಗಿತ್ತು. ರಿಕೆಟ್ಸಿಯಾ ದಾಟುವುದು ತಾಯಿಯ ಮೊಟ್ಟೆಯಿಂದ. ಗಂಡು ಹುಟ್ಟಿದರೆ ಅದರ ವಂಶ ಅಲ್ಲಿಗೆ ಮುಗಿಯಿತು. ಆದ್ದರಿಂದ ಹೆಣ್ಣು ಸಂತಾನ ಹೆಚ್ಚುವುದು ಬ್ಯಾಕ್ಟೀರಿಯಾದ ಸ್ವಾರ್ಥಕ್ಕೆ ಅನುಕೂಲ. ಮೊಟ್ಟೆಯಿಡುವವರು ಹೆಚ್ಚಾದಾಗ ಕೀಟದ ಸಂಖ್ಯೆಯೂ ಏರುತ್ತದೆ. 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾದಾಗ, ಒಂದು ಪೀಡೆಯ ಸ್ವಭಾವವನ್ನು ಅದರೊಳಗಿನ ಬ್ಯಾಕ್ಟೀರಿಯಾ ಕೆಲವೇ ವರ್ಷಗಳಲ್ಲಿ ಬದಲಿಸಬಲ್ಲದು ಎಂಬುದಕ್ಕೆ ಅದು ಕಣ್ಣಮುಂದಿನ ಸಾಕ್ಷಿಯಾಗಿ ಕಂಡಿತು. ರಿಕೆಟ್ಸಿಯಾ ಇರುವ ಬಿಳಿ ನೊಣಗಳು ತೀವ್ರ ಶಾಖವನ್ನು ಹೆಚ್ಚು ತಾಳುತ್ತವೆಂದು ಅದೇ ವರ್ಷ ಇಸ್ರೇಲಿನ ವಿಜ್ಞಾನಿಗಳು ತೋರಿಸಿದರು. ಏಪ್ರಿಲ್-ಮೇ ತಿಂಗಳ ಬಿಸಿಲು ಬಲ್ಲ ನಮ್ಮ ನಾಡಿಗೆ ಇದು ಕೇವಲ ದೂರದ ಸುದ್ದಿಯಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ಹೇಳಲು ಸುಲಭವಾಗುತ್ತಿತ್ತು. ಮುಂದೆ ಅದೇ ಬಗೆಯ ಹೋಲಿಕೆಯನ್ನು ಇಸ್ರೇಲಿನ ಬಿಳಿ ನೊಣಗಳಲ್ಲಿ ಮಾಡಿದಾಗ ಅರಿಜೋನಾದಷ್ಟು ಲಾಭ ಕಾಣಲಿಲ್ಲ. ಸಾಲದೆಂಬಂತೆ, 2020ರಲ್ಲಿ ಅಮೆರಿಕದ ವಿಜ್ಞಾನಿಗಳೇ ಬರೆದರು: ಅಷ್ಟು ವೇಗದಲ್ಲಿ ಏರಿದ್ದ ರಿಕೆಟ್ಸಿಯಾ ಒಂದು ದಶಕದ ತರುವಾಯ ಇಳಿಮುಖವಾಗಿದೆ. ಒಂದೇ ಬ್ಯಾಕ್ಟೀರಿಯಾ ಒಂದು ಕಾಲಕ್ಕೆ ವರ, ಇನ್ನೊಂದು ಕಾಲಕ್ಕೆ ಹೊರೆ. ಕೀಟದ ತಳಿ, ಹವೆ, ಗಿಡ, ಜೊತೆಯ ಇತರ ಬ್ಯಾಕ್ಟೀರಿಯಾಗಳು ಬದಲಾದಂತೆ ಸಂಬಂಧದ ಲೆಕ್ಕವೂ ಬದಲಾಗುತ್ತದೆ. ವಿಜ್ಞಾನದ ಬರಹಗಳಲ್ಲಿ ‘ಸಹಾಯ ಮಾಡಬಹುದು’ ಎಂಬ ಸಂಭಾವನಾರ್ಥಕ ಕ್ರಿಯಾಪದ ಪದೇ ಪದೇ ಬರುವುದು ಹಿಂಜರಿಕೆಯಿಂದಲ್ಲ. ವ್ಯಾಕರಣ ಓದುವವರು ಆ ‘ಬಹುದು’ವಿನ ತೂಕವನ್ನು ಇತರರಿಗಿಂತ ಚೆನ್ನಾಗಿ ಬಲ್ಲರು. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಮೊದಲು ಉದುರಿಹೋಗುವುದು ಅದೇ.

ಸಂದೇಹಕ್ಕೆ ಎಡೆ ಕಡಿಮೆಯಿರುವ ಒಂದು ಪ್ರಯೋಗವೂ ಇದೆ. ಅದು ಕನ್ನಡಿಗರಿಗೆ ಪ್ರಿಯವಾದ ಅವರೆಯ ಬಳಗಕ್ಕೆ ಸಂಬಂಧಿಸಿದ್ದು. ಅವರೆಯ ಬಳ್ಳಿಯ ಎಳೆಕಾಂಡದ ಮೇಲೆ ಗುಂಪುಗುಂಪಾಗಿ ಕೂತು ರಸ ಹೀರುವ, ಮುಟ್ಟಿದರೆ ನಾರುವ, ದುಂಡು ಮೈಯ ಪುಟ್ಟ ತಿಗಣೆಯೊಂದಿದೆ. ಅದರ ಶಾಸ್ತ್ರೀಯ ನಾಮ ಮೆಗಾಕೋಪ್ಟ ಕ್ರಿಬ್ರೇರಿಯಾ. ಭಾರತದಲ್ಲಿ ಅದು ಹಳೆಯ ನಿವಾಸಿ. ಜಪಾನಿನಲ್ಲಿ ಇದರ ಎರಡು ಬಗೆಗಳಿವೆ. ಮುಖ್ಯ ದ್ವೀಪಗಳ ಬಗೆ ಸೋಯಾ ಅವರೆಯ ಪೀಡೆ. ನೈಋತ್ಯದ ದ್ವೀಪಗಳ ಬಗೆ ಸೋಯಾದ ಮೇಲೆ ಬೆಳೆದರೆ ಅದರ ಮೊಟ್ಟೆಗಳು ಬಹಳಷ್ಟು ಒಡೆಯುವುದೇ ಇಲ್ಲ. ಈ ತಿಗಣೆಯ ತಾಯಿ ತನ್ನ ಬ್ಯಾಕ್ಟೀರಿಯಾವನ್ನು ಮೊಟ್ಟೆಯೊಳಗೆ ಇಡುವುದಿಲ್ಲ. ಮೊಟ್ಟೆಗಳ ಸಾಲಿನ ಕೆಳಗೆ ಕಂದುಬಣ್ಣದ ಪುಟ್ಟ ಗುಳಿಗೆಗಳನ್ನು ಅಂಟಿಸುತ್ತದೆ. ಅವುಗಳಲ್ಲಿ ಇಶಿಕಾವಾಯೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮರಿ ಮೊಟ್ಟೆಯೊಡೆದು ಬಂದೊಡನೆ ಮಾಡುವ ಮೊದಲ ಕೆಲಸ ಆ ಗುಳಿಗೆಯನ್ನು ಹೀರುವುದು. ಗುಳಿಗೆ ಹೊರಗಿರುವುದರಿಂದ ಅದನ್ನು ಅದಲುಬದಲು ಮಾಡುವುದು ಸುಲಭ. ಜಪಾನಿನ ತಕಾಹಿರೊ ಹೊಸೊಕಾವಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದನ್ನೇ ಮಾಡಿದರು. ಪೀಡೆಯ ಬಗೆಯ ಬ್ಯಾಕ್ಟೀರಿಯಾ ಕುಡಿದ ದ್ವೀಪದ ತಿಗಣೆ ಸೋಯಾದ ಮೇಲೆ ಚೆನ್ನಾಗಿ ಸಂತಾನ ಪಡೆಯಿತು. ದ್ವೀಪದ ಬ್ಯಾಕ್ಟೀರಿಯಾ ಕುಡಿದ ಪೀಡೆಯ ಬಗೆಯು ಆ ಶಕ್ತಿಯನ್ನು ಕಳೆದುಕೊಂಡಿತು. ಪೀಡೆಯೆಂಬ ಪದವಿ ತಿಗಣೆಗಿಂತ ಹೆಚ್ಚಾಗಿ ಗುಳಿಗೆಗೆ ಸಲ್ಲಬೇಕಾಗಿತ್ತು.

ಎರಡು ವರ್ಷಗಳ ಅನಂತರ, 2009ರಲ್ಲಿ, ಇದೇ ತಿಗಣೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಾಣಿಸಿಕೊಂಡು ಆಗ್ನೇಯ ರಾಜ್ಯಗಳ ಸೋಯಾ ಹೊಲಗಳಿಗೆ ಹರಡಿತು. ಅದರ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಓದಿದಾಗ ಅವು ಜಪಾನಿನ ಪೀಡೆಯ ಬಗೆಯ ಬ್ಯಾಕ್ಟೀರಿಯಾಕ್ಕೆ ಹೊಂದಿಕೊಂಡವು. ಸೋಯಾ ತಿನ್ನುವ ಸಾಮರ್ಥ್ಯವು ಅಮೆರಿಕದಲ್ಲಿ ಹೊಸದಾಗಿ ಹುಟ್ಟಿರದೆ ಕೀಟದ ಜೊತೆಯಲ್ಲಿಯೇ ಬಂದಿಳಿದಿರುವ ಸಂಭವ ಹೆಚ್ಚು. ಬಂದರು, ವಿಮಾನ ನಿಲ್ದಾಣಗಳಲ್ಲಿ ಸಸ್ಯಗಳನ್ನು ತಪಾಸಣೆ ಮಾಡುವವರು ಕೀಟದ ಜಾತಿಯನ್ನು ಗುರುತಿಸುತ್ತಾರೆ. ಒಂದೇ ರೂಪದ ಎರಡು ತಿಗಣೆಗಳಲ್ಲಿ ಯಾವುದರ ಹೊಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆಯೆಂಬುದು ಬರಿಗಣ್ಣಿಗೆ ತಿಳಿಯುವ ವಿಷಯವಲ್ಲ.

ಕೀಟನಾಶಕದ ಕುರಿತೂ ಒಂದು ಮಾತು ಹೇಳಬೇಕು. ದ್ವಿದಳಧಾನ್ಯಗಳ ಕಾಯಿ ಹೀರುವ ರಿಪ್ಟಾರ್ಟಸ್ ಎಂಬ ಉದ್ದಕಾಲಿನ ತಿಗಣೆ ತನ್ನ ಬ್ಯಾಕ್ಟೀರಿಯಾವನ್ನು ತಾಯಿಯಿಂದ ಪಡೆಯದೆ ಪ್ರತಿ ತಲೆಮಾರಿನಲ್ಲೂ ಮಣ್ಣಿನಿಂದಲೇ ಹೊಸದಾಗಿ ಸಂಪಾದಿಸುತ್ತದೆ. ಫೆನಿಟ್ರೋಥಿಯಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಸುರಿದ ಮಣ್ಣಿನಲ್ಲಿ ಆ ವಿಷವನ್ನೇ ಒಡೆದು ತಿನ್ನುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಅಂಥ ಬ್ಯಾಕ್ಟೀರಿಯಾವನ್ನು ಪಡೆದ ತಿಗಣೆ ಆ ವಿಷವನ್ನು ತಾಳುತ್ತದೆಂದು 2012ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಕೀಟ ತಾನು ಬದಲಾಗಲು ಅನೇಕ ತಲೆಮಾರುಗಳು ಬೇಕು. ಒಳಗಿನ ಒಕ್ಕಲು ಬದಲಾದರೆ ಒಂದೇ ತಲೆಮಾರು ಸಾಕು. ಮದ್ದು ಹೊಡೆದರೂ ಹುಳ ಸಾಯಲಿಲ್ಲವೆಂದು ರೈತರು ದೂರಿದಾಗ ಅಳತೆ ತಪ್ಪಿರಬಹುದು, ಕಲಬೆರಕೆಯಾಗಿರಬಹುದು ಎಂದು ಉತ್ತರ ಬರುತ್ತದೆ. ಅದು ಎಷ್ಟೋ ವೇಳೆ ಸರಿಯೂ ಹೌದು. ಆದರೆ ದೂರಿದವನನ್ನೇ ತಪ್ಪಿತಸ್ಥನನ್ನಾಗಿ ಮಾಡುವ ಮುನ್ನ ಹುಳದ ಹೊಟ್ಟೆಯನ್ನೂ ನೋಡುವುದು ನ್ಯಾಯ.

ಹಾಗಾದರೆ ಬ್ಯಾಕ್ಟೀರಿಯಾವನ್ನು ಕೊಂದು ಕೀಟವನ್ನು ಗೆಲ್ಲಬಹುದೇ? ಪ್ರಯೋಗಾಲಯದಲ್ಲಿ ಪ್ರತಿಜೈವಿಕ ಔಷಧಿ ಬೆರೆಸಿದ ಆಹಾರ ಕೊಟ್ಟು ಕೀಟವನ್ನು ಬ್ಯಾಕ್ಟೀರಿಯಾರಹಿತವಾಗಿ ಮಾಡುತ್ತಾರೆ. ಆಗ ಅದು ಸೊರಗುತ್ತದೆ. ಅದನ್ನೇ ಹೊಲಕ್ಕೆ ಸಿಂಪಡಿಸುವುದು ಮಾತ್ರ ಅವಿವೇಕ. ಮನುಷ್ಯರ ಮತ್ತು ದನಕರುಗಳ ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುವ ಅಪಾಯ ಅದರಲ್ಲಿದೆ. ಇಲ್ಲಿಯವರೆಗೆ ನಮ್ಮ ಹೊಲಗಳಲ್ಲಿ ಫಲ ಕೊಟ್ಟಿರುವುದು ಹಳೆಯ ದಾರಿಯೇ. ಪಪ್ಪಾಯಿ ಹಿಟ್ಟು ತಿಗಣೆಗೆ ಅದರ ತವರಿನ ಕಡೆಯ ಶತ್ರುವಾದ ಅಸೆರೋಫೇಗಸ್ ಪಪಾಯೆ ಎಂಬ ಅತಿ ಸಣ್ಣ ಕಣಜವನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿತು. ತಮಿಳುನಾಡು, ಕರ್ನಾಟಕಗಳಲ್ಲಿ ಅದನ್ನು ಬಿಟ್ಟ ಮೇಲೆ ಪೀಡೆ ಹತೋಟಿಗೆ ಬಂದಿತು. 2016ರಲ್ಲಿ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಕಂಡ ಸುರುಳಿ ಬಿಳಿ ನೊಣವೂ ಮಧ್ಯ ಅಮೆರಿಕದ ಕಡೆಯದೇ. ಅದಕ್ಕೆ ಎನ್ಕಾರ್ಸಿಯಾ ಎಂಬ ಕಣಜ ಯಾರೂ ಕರೆಯದೆ ತಾನಾಗಿ ಬೆನ್ನು ಹತ್ತಿ ಬಂದಿತ್ತು. ಕೀಟವನ್ನು ಸಾಗಿಸಿದ ವ್ಯಾಪಾರವೇ ಅದರ ವೈರಿಯನ್ನೂ ಸಾಗಿಸಿದಂತಾಯಿತು.

ಇಂಥ ಕೀಟಗಳಿಗೆ ಕನ್ನಡದಲ್ಲಿ ಈಗ ‘ಆಕ್ರಮಣಕಾರಿ’ ಎಂಬ ವಿಶೇಷಣ ರೂಢವಾಗುತ್ತಿದೆ. ಆಂಗ್ಲ ಪದದ ನೇರ ಅನುವಾದವದು. ದಂಡೆತ್ತಿ ಬಂದ ಸೇನೆಯ ಚಿತ್ರವನ್ನು ಮನಸ್ಸಿಗೆ ತರುತ್ತದೆ. ಬಿಳಿ ನೊಣ ದಂಡೆತ್ತಿ ಬರಲಿಲ್ಲ. ಕುಂಡದ ಗಿಡಗಳ ಎಲೆಯಡಿಯಲ್ಲಿ ಕೂತಿತ್ತು, ಮನುಷ್ಯರು ಹೊತ್ತು ತಂದರು. ‘ವಲಸೆ ಪೀಡೆ’ ಎಂಬುದು ಸ್ವಲ್ಪ ವಾಸಿ. ಅದರಲ್ಲೂ ತಾನಾಗಿ ಹೊರಟು ಬಂತೆಂಬ ಧ್ವನಿ ಉಳಿಯುತ್ತದೆ. ‘ತಂದ ಪೀಡೆ’ ಎಂದರೆ ತಂದವರಾರು ಎಂಬ ಪ್ರಶ್ನೆ ಪದದೊಳಗೇ ಇರುತ್ತದೆ. ಪಾರಿಭಾಷಿಕ ಪದಗಳನ್ನು ಕಟ್ಟುವ ಕೆಲಸ ಮುಂದೆ ಈ ವಿಭಾಗದಿಂದ ಹೊರಬೀಳುವವರ ಪಾಲಿಗೂ ಬರಲಿದೆ. ಆಗ ಪರೀಕ್ಷಿಸಿ ನೋಡಬಹುದು.

ಇದನ್ನೆಲ್ಲ ಕಣ್ಣಾರೆ ಕಾಣಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ತಂಬಾಕು, ಟೊಮ್ಯಾಟೊ, ಬದನೆ ಯಾವುದಾದರೂ ಗಿಡದ ಕೆಳಗಿನ ಎಲೆಯನ್ನು ಮೆಲ್ಲಗೆ ತಿರುವಿದರೆ, ನರಗಳ ಪಕ್ಕದಲ್ಲಿ ಮೀನಿನ ಪೊರೆಯಂತೆ ಚಪ್ಪಟೆಯಾಗಿ ಅಂಟಿಕೊಂಡ, ಕದಲದ ಮರಿಗಳು ಸಿಗುತ್ತವೆ. ಸಸ್ಯಶಾಸ್ತ್ರ ವಿಭಾಗದ ಒಂದು ಒಳ್ಳೆಯ ಭೂತಗನ್ನಡಿಯನ್ನು ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿದರೆ, ಪಾರದರ್ಶಕವಾದ ಆ ಮೈಯ ಹಿಂಭಾಗದಲ್ಲಿ ಅಕ್ಕಪಕ್ಕದಲ್ಲಿ ಎರಡು ಹಳದಿ ಚುಕ್ಕೆಗಳು ಕಾಣುತ್ತವೆ. ಕಣ್ಣುಗಳೆಂದು ಭ್ರಮಿಸಬಾರದು, ಕಣ್ಣುಗಳು ತಲೆಯ ಕಡೆಗಿರುತ್ತವೆ. ಹಳದಿ ಚುಕ್ಕೆಗಳು ಬ್ಯಾಕ್ಟೀರಿಯಾಗಳ ಮನೆ.